ಸಿಗರೇಟು ಬಿಟ್ಟು ವೇಪ್ ಹಿಡಿಯುವವರಿಗೆ: ಮೊದಲ ವಾರಗಳ ಕೈಪಿಡಿ

ವೇಪ್ (ಇ-ಸಿಗರೇಟು) ಕೊಂಡು ತಂದು, ಎರಡು ದಿನ ಎಳೆದು, "ಇದರಲ್ಲಿ ಏನೂ ಇಲ್ಲ ಮಾರಾಯರೇ, ಬರೀ ಹಬೆ" ಎಂದು ಮೂಲೆಗೆಸೆದು ಮತ್ತೆ ಸಿಗರೇಟಿಗೆ ಮರಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರ ವೇಪ್‌ನಲ್ಲಿ ದೋಷವೇನೂ ಇರಲಿಲ್ಲ. ಒಳಗೆ ತುಂಬಿದ ಲಿಕ್ವಿಡ್ ತೀರಾ ಸಪ್ಪೆ, ಎಳೆಯುವ ರೀತಿ ಸಿಗರೇಟಿನದು, ಜೊತೆಗೆ "ಬೆಳಗಿನ ಕಾಫಿಗೆ ಒಂದು ಮಾತ್ರ ಇರಲಿ" ಎಂದು ತಮ್ಮೊಳಗೇ ಮಾಡಿಕೊಂಡ ಗುಟ್ಟಿನ ಒಪ್ಪಂದ. ಈ ಮೂರೂ ಒಟ್ಟಿಗಿದ್ದರೆ ಯಾವ ಕಂಪನಿಯ ಸಾಧನವೂ ಕೆಲಸ ಮಾಡುವುದಿಲ್ಲ.

ನಾನು ಭದ್ರಾವತಿಯವನು. ಪಾಲಿಟೆಕ್ನಿಕ್ ಹಾಸ್ಟೆಲಿನಲ್ಲಿ ಹಿಡಿದ ಸಿಗರೇಟನ್ನು ಇಂಗ್ಲೆಂಡಿನ ಕವೆಂಟ್ರಿಗೆ ಬಂದ ಮೇಲೆ ವೇಪ್ ಹಿಡಿದು ಬಿಟ್ಟೆ. ಇಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ನನ್ನ ಕೆಲಸ. ಯಂತ್ರ ನಿಂತರೆ ಹೊಸ ಹುಡುಗರು ಮೊದಲು ಮೋಟಾರನ್ನು ದೂರುತ್ತಾರೆ. ಬಿಚ್ಚಿ ನೋಡಿದರೆ ಹೋಗಿರುವುದು ಫ್ಯೂಸು. ಸಿಗರೇಟು ಬಿಟ್ಟವರ ಮೊದಲ ವಾರವೂ ಹೀಗೆಯೇ. ತಲೆನೋವು, ಕೈನಡುಕ, ಸಿಟ್ಟು, ಹಸಿವು, ಬಾಯಿಹುಣ್ಣು ಎಲ್ಲಕ್ಕೂ ನಿಕೋಟಿನ್ ಕೊರತೆಯನ್ನೇ ದೂರುತ್ತಾರೆ. ಯಾವ ಕಾಟ ಯಾವುದರಿಂದ ಬಂತು ಎಂದು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಈ ಬರಹದ ಬಹುಪಾಲು ಅದಕ್ಕೇ ಮೀಸಲು.

ಮೊದಲು ಒಂದಿಷ್ಟು ಕಟ್ಟುನಿಟ್ಟಿನ ಮಾತು

ಇದು ಈಗಾಗಲೇ ಸಿಗರೇಟು ಸೇದುತ್ತಿರುವ, ಬ್ರಿಟನ್ನಿನಲ್ಲಿ ವಾಸವಾಗಿರುವ ವಯಸ್ಕರಿಗೆ ಬರೆದದ್ದು. ಸಿಗರೇಟನ್ನೇ ಮುಟ್ಟದವರು ವೇಪ್ ಹಿಡಿಯುವುದು ಶುದ್ಧ ದಡ್ಡತನ. ಇಲ್ಲಿ 18 ವರ್ಷದೊಳಗಿನವರಿಗೆ ಅದನ್ನು ಮಾರುವಂತೆಯೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕಣ್ಣೆದುರು ಸೇದಬೇಡಿ, ಕೈಗೆಟುಕುವಲ್ಲಿ ಇಡಬೇಡಿ.

ಭಾರತದಲ್ಲಿರುವವರ ಮಾತು ಬೇರೆ. ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ಅಲ್ಲಿ 2019ರ ಕಾಯ್ದೆ ನಿಷೇಧಿಸಿದೆ. ಕರ್ನಾಟಕ ಸರ್ಕಾರ 2016ರಲ್ಲೇ ಮಾರಾಟಕ್ಕೆ ತಡೆ ಹಾಕಿತ್ತು. ಕದ್ದುಮುಚ್ಚಿ ಮಾರುವ ಮಾಲಿನಲ್ಲಿ ಏನು ತುಂಬಿದ್ದಾರೆ ಎಂಬುದು ಮಾರುವವನಿಗೇ ಗೊತ್ತಿರುವುದಿಲ್ಲ. ಅಲ್ಲಿನವರು ಸಾಧನದ ಭಾಗವನ್ನು ದಾಟಿ, ಕಾಟ ತಡೆಯುವ ಭಾಗವನ್ನೂ ನಿಕೋಟಿನ್ ಗಮ್ ಮತ್ತು ಸಹಾಯವಾಣಿಯ ಭಾಗವನ್ನೂ ಓದಿಕೊಳ್ಳಿ.

ಗರ್ಭಿಣಿಯರು ಮೊದಲು ಸೂಲಗಿತ್ತಿ ನರ್ಸ್ ಬಳಿ ಮಾತನಾಡಿ ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಅಥವಾ ಗಮ್‌ನಿಂದ ಆರಂಭಿಸುವುದು ಒಳ್ಳೆಯದು. ಒಲಾಂಜಪಿನ್, ಕ್ಲೋಜಪಿನ್, ಥಿಯೋಫಿಲಿನ್, ವಾರ್ಫರಿನ್ ಮಾತ್ರೆ ನುಂಗುತ್ತಿರುವವರು ಸಿಗರೇಟು ನಿಲ್ಲಿಸುವ ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ಹೊಗೆ ನಿಂತೊಡನೆ ಈ ಔಷಧಗಳು ರಕ್ತದಲ್ಲಿ ಏರಬಹುದು, ಪ್ರಮಾಣ ಇಳಿಸಬೇಕಾಗಬಹುದು. ಇದನ್ನು ಹೇಳುವವರು ಕಡಿಮೆ, ಅದಕ್ಕೇ ಮೊದಲೇ ಹೇಳಿದ್ದೇನೆ.

ವೇಪ್ ನಿರಪಾಯಕಾರಿ ಎಂದು ನಾನು ಹೇಳುವುದಿಲ್ಲ. ಅದರಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಸಸ್ಯಜನ್ಯ ಗ್ಲಿಸರಿನ್, ಸುವಾಸನೆ, ನಿಕೋಟಿನ್. ಬಿಸಿಯಾಗುತ್ತದೆ, ಆದರೆ ಏನೂ ಉರಿಯುವುದಿಲ್ಲ. ಉರಿಯದ ಕಾರಣ ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ಸಿಗರೇಟಿನಲ್ಲಿ ಜೀವ ತೆಗೆಯುವುದು ಮುಖ್ಯವಾಗಿ ಹೊಗೆ; ನಿಕೋಟಿನ್ ನಮ್ಮನ್ನು ಆ ಹೊಗೆಗೆ ಕಟ್ಟಿಹಾಕುತ್ತದೆ. 2019ರಲ್ಲಿ ಇಂಗ್ಲೆಂಡಿನಲ್ಲಿ 886 ಜನರ ಮೇಲೆ ನಡೆದ ಪ್ರಯೋಗವೊಂದು ಪ್ರಕಟವಾಯಿತು. ಒಂದು ವರ್ಷದ ನಂತರ ವೇಪ್ ಪಡೆದವರಲ್ಲಿ ಶೇ 18ರಷ್ಟು ಜನ ಸಿಗರೇಟಿನಿಂದ ದೂರವಿದ್ದರು, ಪ್ಯಾಚ್, ಗಮ್ ಇತ್ಯಾದಿ ಪಡೆದವರಲ್ಲಿ ಶೇ 9.9. ಅದೇ ಪ್ರಯೋಗದ ಇನ್ನೊಂದು ಮುಖವನ್ನು ಅಂಗಡಿಯವರು ಹೇಳುವುದಿಲ್ಲ: ವೇಪ್ ಹಿಡಿದು ಸಿಗರೇಟು ಬಿಟ್ಟವರಲ್ಲಿ ಶೇ 80ರಷ್ಟು ಜನ ವರ್ಷ ಕಳೆದರೂ ವೇಪ್ ಎಳೆಯುತ್ತಲೇ ಇದ್ದರು. ಎರಡನ್ನೂ ತಿಳಿದುಕೊಂಡೇ ಒಳಗೆ ಕಾಲಿಡಿ.

ಏನು ಕೊಳ್ಳಬೇಕು

ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ನಿಂತಿದೆ. ಈಗ ಕೊಳ್ಳಬೇಕಾದದ್ದು ಚಾರ್ಜ್ ಮಾಡಿ, ಲಿಕ್ವಿಡ್ ತುಂಬಿಸಿ ಬಳಸುವ ಸಣ್ಣ ಪಾಡ್ ಸಾಧನ; ಪಾಡ್ ಎಂದರೆ ಲಿಕ್ವಿಡ್ ತುಂಬುವ, ಕಿತ್ತು ತೆಗೆಯಬಹುದಾದ ಪುಟ್ಟ ಡಬ್ಬಿ. ಅಂಗಡಿಯಲ್ಲಿ ಪರದೆ, ಬಣ್ಣದ ದೀಪ, ಹತ್ತಾರು ಗುಂಡಿಗಳಿರುವುದನ್ನು ತೋರಿಸುತ್ತಾರೆ. ಅವು ಮೋಡ ಬಿಡುವ ಹವ್ಯಾಸಿಗಳಿಗೆ. ನಿಮಗೆ ಬೇಕಾದದ್ದು ಎಳೆದರೆ ತಾನೇ ಹೊತ್ತಿಕೊಳ್ಳುವ, ಸಿಗರೇಟಿನಂತೆ ಬಿಗಿಯಾಗಿ ಎಳೆಯಬೇಕಾದ ಸಾಧನ. ಒಳಗಿನ ಕಾಯಿಲ್ (ಲಿಕ್ವಿಡ್ ಬಿಸಿಮಾಡುವ ಭಾಗ) 0.8ರಿಂದ 1.2 ಓಮ್ ಇರಲಿ.

ಹಣ ಕೊಡುವ ಮೊದಲು ನಿಮ್ಮ ಊರಿನ ಧೂಮಪಾನ ಬಿಡಿಸುವ ಕೇಂದ್ರಕ್ಕೆ ಫೋನ್ ಮಾಡಿ. ಇಂಗ್ಲೆಂಡಿನ ಹಲವು ಕೌನ್ಸಿಲ್‌ಗಳು ಸಿಗರೇಟು ಬಿಡುವವರಿಗೆ ಮೊದಲ ವೇಪ್ ಕಿಟ್ಟನ್ನು ಉಚಿತವಾಗಿ ಕೊಡುತ್ತವೆ, ಜೊತೆಗೆ ವಾರಕ್ಕೊಮ್ಮೆ ಮಾತನಾಡಲು ಒಬ್ಬ ಸಲಹೆಗಾರರನ್ನೂ ಗೊತ್ತುಮಾಡುತ್ತವೆ. 0300 123 1044 ಸಂಖ್ಯೆಗೆ ಕರೆ ಮಾಡಿದರೆ ಹತ್ತಿರದ ಕೇಂದ್ರ ಯಾವುದೆಂದು ಹೇಳುತ್ತಾರೆ. ಅಲ್ಲಿ ಒಂದು ಊದುವ ಯಂತ್ರವಿರುತ್ತದೆ. ಉಸಿರು ಬಿಗಿಹಿಡಿದು, ಕೆಲವು ಸೆಕೆಂಡುಗಳ ಬಳಿಕ ರಟ್ಟಿನ ಕೊಳವೆಯಲ್ಲಿ ನಿಧಾನವಾಗಿ ಊದಬೇಕು. ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಂಕಿಯಾಗಿ ಕಾಣಿಸುತ್ತದೆ. ಸಿಗರೇಟು ನಿಲ್ಲಿಸುವ ಮುನ್ನ ಒಮ್ಮೆ ಊದಿ, ಅಂಕಿ ಬರೆದಿಟ್ಟುಕೊಳ್ಳಿ. ವಾರದ ಬಳಿಕ ಮತ್ತೆ ಊದಿ. ಈ ಅನಿಲ ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಪೂರ್ತಿ ನಿಲ್ಲಿಸಿದವರ ಅಂಕಿ ಒಂದೆರಡು ದಿನದಲ್ಲೇ ಸೇದದವರ ಮಟ್ಟಕ್ಕೆ ಬರುತ್ತದೆ. ಎಷ್ಟೇ ವೇಪ್ ಎಳೆದರೂ ಇದು ಏರುವುದಿಲ್ಲ. ನನ್ನ ಮಟ್ಟಿಗೆ ಯಾವ ಬೋಧನೆಗಿಂತಲೂ ಆ ಅಂಕಿಯೇ ಹೆಚ್ಚು ಧೈರ್ಯ ಕೊಟ್ಟಿತು. ಅಳತೆಯಿಲ್ಲದ ದುರಸ್ತಿಯನ್ನು ನಾನು ನಂಬುವವನಲ್ಲ.

ಲಿಕ್ವಿಡ್‌ನ ಗಡಸು, ಅಂದರೆ ಅದರಲ್ಲಿರುವ ನಿಕೋಟಿನ್ ಪ್ರಮಾಣ, ಬಹಳ ಮುಖ್ಯ, ಜನ ಎಡವುವುದೂ ಇಲ್ಲೇ. ಬ್ರಿಟನ್ನಿನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ. ಬಾಟಲಿ 10 ಮಿಲಿಲೀಟರಿಗಿಂತ, ಟ್ಯಾಂಕು 2 ಮಿಲಿಲೀಟರಿಗಿಂತ ದೊಡ್ಡದಿರುವಂತಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹೊತ್ತಿಸುವವರು ಹಿಂದೆಮುಂದೆ ನೋಡದೆ 20 ಮಿಲಿಗ್ರಾಂನ ನಿಕೋಟಿನ್ ಸಾಲ್ಟ್ ಬಗೆಯ ಲಿಕ್ವಿಡ್ ತೆಗೆದುಕೊಳ್ಳಿ. ಊಟದ ನಂತರ ಒಂದು, ಸಂಜೆ ಒಂದು ಎನ್ನುವ ಹಗುರ ಸೇದುಗರಿಗೆ 10 ಸಾಕು. "ಬಿಡುವುದಕ್ಕೇ ತಾನೇ ಹೊರಟಿರುವುದು, ಕಡಿಮೆಯದೇ ಇರಲಿ" ಎಂಬ ಲೆಕ್ಕ ಕೇಳಲು ಚೆನ್ನ. ಮೂರನೆಯ ದಿನ ನಿಮ್ಮನ್ನು ಸಿಗರೇಟಿನ ಅಂಗಡಿಗೆ ಕರೆದೊಯ್ಯುವುದೂ ಅದೇ. ಸಾಲ್ಟ್ ಅಲ್ಲದ ಹಳೆಯ ಬಗೆಯ ಲಿಕ್ವಿಡ್ 20ರ ಗಡಸಿನಲ್ಲಿ ಗಂಟಲನ್ನು ಸುಡುತ್ತದೆ. ಸಾಲ್ಟ್ ಮೆತ್ತಗೆ ಇಳಿಯುತ್ತದೆ. ಬಾಟಲಿಯ ಮೇಲೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಎರಡರ ಪ್ರಮಾಣ 50-50 ಎಂದಿರಲಿ. 0.4 ಓಮ್‌ನಂಥ ಕಾಯಿಲ್ ಇರುವ ದೊಡ್ಡ ಸಾಧನಕ್ಕೆ 20ರ ಲಿಕ್ವಿಡ್ ಎಂದೂ ತುಂಬಬೇಡಿ, ನಾಲ್ಕು ದಮ್ಮಿಗೇ ತಲೆ ಸುತ್ತುತ್ತದೆ.

ರುಚಿಯ ವಿಷಯದಲ್ಲಿ ತಂಬಾಕಿನ ರುಚಿ ಬೇಡ ಎನ್ನುತ್ತೇನೆ. ಅದು ಸಿಗರೇಟಿನಂತೆ ಇರುವುದಿಲ್ಲ, ನೆನಪನ್ನು ಮಾತ್ರ ಕೆದಕುತ್ತದೆ. ಪುದೀನವೋ ಹಣ್ಣಿನದೋ ಇರಲಿ, ಎರಡು ಬಗೆ ತನ್ನಿ. ಕೌಂಟರಿನ ಕೆಳಗಿನಿಂದ ತೆಗೆದುಕೊಡುವ, ಹತ್ತು ಸಾವಿರ ದಮ್ಮು ಬರುತ್ತದೆ ಎಂದು ಬರೆದ ದಪ್ಪ ಡಬ್ಬಿಗಳ ಹತ್ತಿರ ಸುಳಿಯಬೇಡಿ.

ತುಂಬುವುದು, ಎಳೆಯುವುದು

ಪಾಡನ್ನು ಸಾಧನದಿಂದ ಕಿತ್ತು ಬೆಳಕಿಗೆ ಹಿಡಿಯಿರಿ. ಕೆಳಭಾಗದಲ್ಲಿ ಬೆರಳಿನ ಉಗುರಿಗಿಂತ ಚಿಕ್ಕ ಲೋಹದ ಕೊಳವೆ ಕಾಣುತ್ತದೆ. ಅದರ ಪಕ್ಕದ ಸಣ್ಣ ರಂಧ್ರಗಳಲ್ಲಿ ಬಿಳಿಯ ಹತ್ತಿ ಇಣುಕುತ್ತದೆ. ಅದೇ ಕಾಯಿಲ್. ಆ ಹತ್ತಿ ದ್ರವ ಹೀರಿಕೊಂಡು ಒದ್ದೆಯಾಗಿದ್ದರೆ ಹಬೆ ಬರುತ್ತದೆ, ಒಣಗಿದ್ದರೆ ಹತ್ತಿಯೇ ಸುಡುತ್ತದೆ. ಪಕ್ಕದ ರಬ್ಬರ್ ಮುಚ್ಚಳ ಎಳೆದು, ಬಾಟಲಿಯ ಮೂತಿಯನ್ನು ತೂತಿಗಿಟ್ಟು, ಗೋಡೆಯ ಮೇಲೆ ಇಳಿಯುವಂತೆ ನಿಧಾನವಾಗಿ ಹಿಂಡಿ. ಗೆರೆಯವರೆಗೆ ಬಂದರೆ ಸಾಕು. ರಬ್ಬರನ್ನು ಬಿಗಿಯಾಗಿ ಒತ್ತಿ, ಸುತ್ತ ಒರೆಸಿ, ಪಾಡನ್ನು ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಬಿಳಿಯ ಹತ್ತಿ ನಿಧಾನವಾಗಿ ದ್ರವದ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಸಣ್ಣ ಗುಳ್ಳೆಗಳು ಮೇಲೇಳುತ್ತವೆ. ಈ ಹತ್ತು ನಿಮಿಷ ಕಾಯುವ ತಾಳ್ಮೆಯಿಲ್ಲದವರ ಹೊಸ ಕಾಯಿಲ್ ಮೊದಲ ದಮ್ಮಿಗೇ ಸುಟ್ಟ ಬಟ್ಟೆಯ ವಾಸನೆ ಹೊಡೆಯುತ್ತದೆ. ಒಮ್ಮೆ ಸುಟ್ಟಿತೆಂದರೆ ಕಾಯಿಲ್ ಬದಲಿಸಲೇಬೇಕು, ತೊಳೆದರೆ ಹೋಗುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಒಂದು ಕಾಯಿಲ್ ಒಂದೆರಡು ವಾರ ಬರುತ್ತದೆ. ಸಿಹಿ ಹೆಚ್ಚಿರುವ ಲಿಕ್ವಿಡ್ ಬೇಗ ಕಪ್ಪಾಗಿಸುತ್ತದೆ.

ದ್ರವ ಕೈಗೆ ತಾಗಿದರೆ ಸಾಬೂನು ಹಚ್ಚಿ ತೊಳೆಯಿರಿ. ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುತ್ತದೆ. ಮಗು ನುಂಗಿದರೆ ಅದು ವಿಷ, ಹಾಗಾಗಿ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೆ ಇರಕೂಡದು. ಸಾಧನದ ಜೊತೆ ಬಂದ ತಂತಿಯಲ್ಲೇ ಚಾರ್ಜ್ ಮಾಡಿ, ಮಲಗುವಾಗ ಹಾಸಿಗೆಯ ಪಕ್ಕ ಚಾರ್ಜಿಗೆ ಹಾಕಿಡಬೇಡಿ.

ಇನ್ನು ಎಳೆಯುವುದು. ಸಿಗರೇಟನ್ನು ಚುರುಕಾಗಿ, ಒಂದೂವರೆ ಎರಡು ಸೆಕೆಂಡು ಎಳೆದು ಒಳಗೆ ತೆಗೆದುಕೊಂಡು ಅಭ್ಯಾಸ. ವೇಪ್ ಹಾಗೆ ಎಳೆದರೆ ಕಾಯಿಲ್ ಕಾಯುವಷ್ಟರಲ್ಲಿ ದಮ್ಮು ಮುಗಿದಿರುತ್ತದೆ, ಬಾಯಿಗೆ ಒಂದಿಷ್ಟು ಹನಿ ಬಂದು ಸೇರುತ್ತದೆ. ನಿಧಾನವಾಗಿ, ಮೆಲ್ಲಗೆ, ಮೂರು ನಾಲ್ಕು ಸೆಕೆಂಡು ಬಾಯಿ ತುಂಬ ಎಳೆದು, ಆಮೇಲೆ ಉಸಿರಿನ ಜೊತೆ ಒಳಗೆ ಬಿಡಬೇಕು. ಮೊದಲೆರಡು ದಿನ ಕೆಮ್ಮು ಬರುತ್ತದೆ. ವರ್ಷಗಟ್ಟಲೆ ಹೊಗೆ ನುಂಗಿದ ಗಂಟಲು ಹಬೆಗೆ ಕೆಮ್ಮುವುದು ತಮಾಷೆಯೇ ಸರಿ, ಆದರೆ ಎಲ್ಲರಿಗೂ ಹಾಗೇ. ದಮ್ಮು ಚಿಕ್ಕದು ಮಾಡಿ. ಅಂಗುಳು ಒಣಗುತ್ತದೆ, ನೀರು ಕುಡಿಯುತ್ತಿರಿ.

ಸಿಗರೇಟಿನ ನಿಕೋಟಿನ್ 10-20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ವೇಪ್‌ನಲ್ಲಿ, ಅದರಲ್ಲೂ ಹೊಸಬರಿಗೆ, ಆ ಪೆಟ್ಟು ಅಷ್ಟು ಬೇಗ, ಅಷ್ಟು ಜೋರಾಗಿ ಬರುವುದಿಲ್ಲ. ಹಾಗಾಗಿ ತಲಬು ನೆತ್ತಿಗೇರುವವರೆಗೆ ಕಾದು ಎಳೆಯುವ ಸಿಗರೇಟಿನ ಪದ್ಧತಿ ಇಲ್ಲಿ ನಡೆಯದು. ಮೊದಲ ವಾರಗಳಲ್ಲಿ ಆಗಾಗ, ತಲಬಿಗಿಂತ ಸ್ವಲ್ಪ ಮುಂಚೆಯೇ, ನಾಲ್ಕಾರು ದಮ್ಮು ಎಳೆದು ಇಟ್ಟುಬಿಡಿ. ಎಷ್ಟು ಸಲ ಎಂದು ಎಣಿಸಬೇಡಿ. ಹೆಚ್ಚಾಯಿತೋ ಎಂಬುದನ್ನು ದೇಹವೇ ಹೇಳುತ್ತದೆ: ಹೊಟ್ಟೆ ತೊಳೆಸುವುದು, ತಲೆ ಹಗುರವಾಗುವುದು, ಬಿಕ್ಕಳಿಕೆ. ಆಗ ಅರ್ಧ ಗಂಟೆ ಕೆಳಗಿಡಿ.

ಯಾವ ದಿನ ಶುರು ಮಾಡಬೇಕು

ಶನಿವಾರ, ಭಾನುವಾರ ಬೇಡ. ಬಿಡುವು, ಊಟ, ನೆಂಟರು, ಬಿಯರ್ ಎಲ್ಲ ಒಟ್ಟಿಗೆ ಬರುವ ದಿನಗಳವು. ಕೈತುಂಬ ಕೆಲಸವಿರುವ ಸೋಮವಾರವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮುಂಚಿನ ಒಂದು ವಾರ ವೇಪ್ ಜೊತೆಗಿಟ್ಟುಕೊಂಡು ಎಳೆಯುವ ಕೈಚಳಕ ಕಲಿಯಿರಿ, ಆ ವಾರ ಸಿಗರೇಟೂ ಇರಲಿ. ಗೊತ್ತು ಮಾಡಿದ ದಿನದಿಂದ ಒಂದೂ ಬೇಡ. ಹತ್ತಿದ್ದದ್ದು ಎರಡಕ್ಕೆ ಇಳಿದರೆ ಲಾಭವೇ ಅಲ್ಲವೇ ಎಂದು ಕೇಳುವವರಿದ್ದಾರೆ. ದಿನಕ್ಕೆ ಒಂದೆರಡು ಸೇದಿದರೂ ಹೃದಯಕ್ಕೆ ಬೀಳುವ ಪೆಟ್ಟು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಎರಡು ಸಿಗರೇಟುಗಳು ವೇಪ್ ಎಷ್ಟು ಸಪ್ಪೆ ಎಂದು ದಿನವೂ ಸಾಕ್ಷಿ ಹೇಳುತ್ತವೆ.

ಹಿಂದಿನ ರಾತ್ರಿ ಪ್ಯಾಕೆಟ್, ಲೈಟರ್, ಬೂದಿ ತಟ್ಟೆ ಹೊರಗೆ ಹೋಗಲಿ. ಕಾರಿನ ಬಾಗಿಲಿನ ಗೂಡು, ಮಳೆಯ ಜಾಕೆಟ್ಟಿನ ಒಳಜೇಬು, ಉಪಕರಣಗಳ ಪೆಟ್ಟಿಗೆ ಇವನ್ನೂ ತಡಕಿ. ಜಾಕೆಟ್ ಒಗೆಯಿರಿ. ಹೊಗೆಯ ವಾಸನೆ ಮಾಡುವ ಕುಮ್ಮಕ್ಕು ಸಣ್ಣದಲ್ಲ.

ಯಾವ ಕಾಟ ಯಾವುದರಿಂದ

ಬೆಳಗಿನ ತಳಮಳ ನಿಜವಾಗಿಯೂ ನಿಕೋಟಿನ್ನಿನದೇ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧವಾಗುತ್ತದೆ. ರಾತ್ರಿ ನಿದ್ದೆ ಮುಗಿಯುವಷ್ಟರಲ್ಲಿ ಬಹುತೇಕ ಬರಿದಾಗಿರುತ್ತದೆ. ಎದ್ದೊಡನೆ, ಹಲ್ಲುಜ್ಜಿ ಕಾಫಿಗೆ ಕೂರುವ ಮುಂಚೆಯೇ ವೇಪ್ ಎಳೆಯಿರಿ. ಆಗಲೂ ಸಾಲದಿದ್ದರೆ ಬೆಳಗ್ಗೆ ನಿಕೋಟಿನ್ ಪ್ಯಾಚ್ ಒಂದನ್ನು ತೋಳಿಗೆ ಅಂಟಿಸಿಕೊಂಡು ಮೇಲೆ ವೇಪ್ ಬಳಸಬಹುದು. ಎರಡನ್ನೂ ಜೊತೆಗೆ ಬಳಸಲು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸಲಹೆಗಾರರೇ ಹೇಳುತ್ತಾರೆ. ಹೆಚ್ಚು ಸೇದುತ್ತಿದ್ದವರಿಗೆ ಇದು ವರ.

ಕೈನಡುಕ, ಎದೆಬಡಿತ, ರಾತ್ರಿ ಎರಡರವರೆಗೆ ಕಣ್ಣು ಮುಚ್ಚದಿರುವುದು ಬಹಳ ಸಲ ಕಾಫಿಯ ಕೆಲಸ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿರುತ್ತವೆ. ಆ ಕಿಣ್ವ ಕೆಫೀನನ್ನು ಬೇಗಬೇಗ ಒಡೆಯುತ್ತಿರುತ್ತದೆ. ಈ ಕೆಲಸ ಹೊಗೆಯದು, ನಿಕೋಟಿನ್ನಿನದಲ್ಲ. ಆದ್ದರಿಂದ ವೇಪ್ ಎಳೆಯುತ್ತಿದ್ದರೂ, ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ನಿಧಾನವಾಗುತ್ತದೆ. ಅದೇ ಲೋಟ, ಅದೇ ಡಿಕಾಕ್ಷನ್, ಆದರೆ ಕೆಫೀನ್ ದೇಹದಲ್ಲಿ ಎಷ್ಟೋ ಹೆಚ್ಚು ಹೊತ್ತು ಉಳಿಯುತ್ತದೆ. ಸಿಗರೇಟು ಬಿಟ್ಟ ಖುಷಿಗೆ ಒಂದು ಲೋಟ ಹೆಚ್ಚಿಗೆ ಕುಡಿದರಂತೂ ಕೇಳುವುದೇ ಬೇಡ. ಜನ ಇದನ್ನು ತಲಬು ಎಂದುಕೊಂಡು ವೇಪ್ ಮೇಲೆ ವೇಪ್ ಎಳೆಯುತ್ತಾರೆ. ನಿಕೋಟಿನ್ನೂ ಉದ್ರೇಕಕಾರಿಯೇ, ನಡುಕ ಇನ್ನೂ ಏರುತ್ತದೆ. ಪರಿಹಾರ ಸರಳ: ಮೊದಲ ದಿನದಿಂದಲೇ ಕಾಫಿಯನ್ನು ಅರ್ಧ ಮಾಡಿ. ನಮ್ಮ ಮನೆಯಲ್ಲಿ ಫಿಲ್ಟರಿಗೆ ಹಾಕುವ ಪುಡಿಯನ್ನು ನನ್ನ ಹೆಂಡತಿ ಕೇಳದೆಯೇ ಕಡಿಮೆ ಮಾಡಿ, ಹಾಲು ಹೆಚ್ಚಿಸಿದಳು. ನಾನು ಕಾಫಿ ನೀರಾಗಿದೆ ಎಂದು ಗೊಣಗಿದೆ, ನಿದ್ದೆ ಮಾತ್ರ ಬಂತು. ಮಧ್ಯಾಹ್ನದ ಮೇಲೆ ಕಾಫಿ ಪೂರ್ತಿ ಬೇಡ. ಚಹಾಕ್ಕೂ ಇದೇ ಮಾತು.

ಹಸಿವಿನ ವೇಷ ಇನ್ನೂ ಮೋಸದ್ದು. ನಾಲ್ಕು ಗಂಟೆಗೆ ಏನೋ ಬೇಕು ಎನಿಸುತ್ತದೆ, ಯಾವುದೆಂದು ಗೊತ್ತಾಗುವುದಿಲ್ಲ. ಸಿಗರೇಟು ಹಸಿವನ್ನು ಅದುಮಿಡುತ್ತಿತ್ತು, ಊಟ ತಪ್ಪಿಸಿದರೂ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. ಮೊದಲು ಒಂದು ಲೋಟ ನೀರು, ಒಂದು ಹಿಡಿ ಹುರಿದ ಕಡಲೆ ಅಥವಾ ಒಂದು ಸೇಬು. ಹತ್ತು ನಿಮಿಷದ ಬಳಿಕವೂ ತಳಮಳ ಇದ್ದರೆ ವೇಪ್. ಇದೇ ಕ್ರಮದಲ್ಲಿ ಪರೀಕ್ಷಿಸಿ. ರುಚಿ, ವಾಸನೆ ಮರಳಿ ಬರುವ ವಾರಗಳಿವು. ಒಗ್ಗರಣೆಯ ಇಂಗು ಮೂರು ಕೋಣೆಯಾಚೆಗೂ ಮೂಗಿಗೆ ಬಡಿಯುತ್ತದೆ, ತಟ್ಟೆಗೆ ಎರಡನೆಯ ಸಲ ಬಡಿಸಿಕೊಳ್ಳುತ್ತೀರಿ. ಎರಡು ಮೂರು ಕಿಲೋ ಏರಿದರೆ ಏರಲಿ. ಒಮ್ಮೆಗೇ ಸಿಗರೇಟನ್ನೂ ಅನ್ನವನ್ನೂ ಬಿಡುತ್ತೇನೆ ಎಂದು ಹೊರಡಬೇಡಿ.

ಮಲಬದ್ಧತೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಬೆಳಗ್ಗೆ ಸಿಗರೇಟು ಹೊತ್ತಿಸದೆ ಹೊಟ್ಟೆ ಖಾಲಿಯಾಗದ ಗಂಡಸರು ನಮ್ಮಲ್ಲಿ ಎಷ್ಟು ಜನ! ಅದು ಭ್ರಮೆಯಲ್ಲ, ನಿಕೋಟಿನ್ ಕರುಳನ್ನು ಚಾಲೂ ಮಾಡುತ್ತದೆ. ಬೆಳಗಿನ ವೇಪ್‌ನಿಂದ ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ಬಿಸಿನೀರು, ಬಾಳೆಹಣ್ಣು, ರಾತ್ರಿ ಸೊಪ್ಪಿನ ಸಾರಿನ ಜೊತೆ ರಾಗಿಮುದ್ದೆ. ಇಲ್ಲಿನ ಏಷ್ಯನ್ ಅಂಗಡಿಗಳಲ್ಲಿ ರಾಗಿಹಿಟ್ಟು ಧಾರಾಳವಾಗಿ ಸಿಗುತ್ತದೆ.

ಬಾಯಿಹುಣ್ಣು, ಕೆಮ್ಮು, ಕಫ ಇವು ಬಿಟ್ಟಿದ್ದರ ಗುರುತುಗಳು, ವೇಪ್‌ನ ಅಲರ್ಜಿ ಎಂದು ಹೆದರಬೇಕಿಲ್ಲ. ಹೊಗೆಗೆ ಮರಗಟ್ಟಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಹಿಡಿದು ಒಳಗಿನ ಕೊಳೆ ಹೊರದೂಡುತ್ತವೆ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಹುಣ್ಣು ಮೂರು ವಾರ ಕಳೆದರೂ ಮಾಯದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಎದೆನೋವು ಬಂದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಸಿಟ್ಟು ಬರುತ್ತದೆ, ಬಂದೇ ಬರುತ್ತದೆ. ವೇಪ್ ಇದ್ದರೂ ಒಂದಿಷ್ಟು ಬರುತ್ತದೆ, ಯಾಕೆಂದರೆ ಸಿಗರೇಟಿನ ಹೊಗೆಯಲ್ಲಿ ನಿಕೋಟಿನ್ ಅಲ್ಲದೆ ಮಿದುಳಿನ ಮೇಲೆ ಕೆಲಸ ಮಾಡುವ ಬೇರೆ ವಸ್ತುಗಳೂ ಇರುತ್ತವೆ. ವೇಪ್ ಅವನ್ನು ಕೊಡುವುದಿಲ್ಲ. ಮೊದಲ ವಾರ ಹೆಚ್ಚು, ಆಮೇಲೆ ಇಳಿಮುಖ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಣ್ಣಗಾಗುತ್ತದೆ. ಮನೆಯವರಿಗೂ ಜೊತೆ ಕೆಲಸ ಮಾಡುವವರಿಗೂ ಮೊದಲೇ ಹೇಳಿಬಿಡಿ: "ಈ ವಾರ ನಾನು ಸ್ವಲ್ಪ ಕೆಟ್ಟವನು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ." ಖಿನ್ನತೆ ಒಂದು ತಿಂಗಳು ದಾಟಿಯೂ ಬಿಡದಿದ್ದರೆ, ಬದುಕೇ ಬೇಡ ಎನಿಸಿದರೆ ಅದನ್ನು ಸಿಗರೇಟಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ, ಅಂದೇ ವೈದ್ಯರಿಗೆ ಹೇಳಿ.

ಬಿಡುವಿನ ಹೊತ್ತು, ಗೆಳೆಯರ ಗುಂಪು

2007ರಿಂದ ಇಂಗ್ಲೆಂಡಿನಲ್ಲಿ ಒಳಾಂಗಣದ ಕೆಲಸದ ಜಾಗಗಳಲ್ಲಿ ಸೇದುವಂತಿಲ್ಲವಾದ್ದರಿಂದ ಪ್ರತಿ ಕಾರ್ಖಾನೆಯ ಹಿಂದೆಯೂ ಒಂದು ತಗಡಿನ ಸೂರು ಇರುತ್ತದೆ. ಊರಿನ ಸುದ್ದಿ, ಮೇಲಧಿಕಾರಿಯ ಮೇಲಿನ ದೂರು, ಕ್ರಿಕೆಟ್ಟು ಎಲ್ಲ ನಡೆಯುವುದು ಅಲ್ಲೇ. ಆ ಸೂರನ್ನು ಬಿಟ್ಟರೆ ಸಿಗರೇಟಿನ ಜೊತೆ ಮಾತುಕತೆಯೂ ಹೋಗುತ್ತದೆ, ಅದು ಸಣ್ಣ ನಷ್ಟವಲ್ಲ. ಮೊದಲ ಎರಡು ಮೂರು ವಾರ ಅಲ್ಲಿಗೆ ಹೋಗಲೇಬೇಡಿ. ಅದೇ ಹತ್ತು ನಿಮಿಷವನ್ನು ಬೇರೆ ದಿಕ್ಕಿನಲ್ಲಿ ನಡೆದು ಕಳೆಯಿರಿ, ವೇಪ್ ಎಳೆಯುವುದಿದ್ದರೆ ಅಲ್ಲೇ ಎಳೆಯಿರಿ. ಆಮೇಲೆ ಹೋದರೂ ಗಾಳಿ ಬರುವ ಕಡೆಯೇ ನಿಲ್ಲಿ. ಕಚೇರಿಯೊಳಗೆ, ಬಸ್ಸಿನಲ್ಲಿ ಎಳೆಯುವ ಆಸೆ ಬೇಡ. ಕಾನೂನು ಬೇರೆಯಾದರೂ ಬಹುತೇಕ ಕಡೆ ನಿಯಮ ಒಂದೇ.

ಕನ್ನಡ ಬಳಗದ ದೀಪಾವಳಿ, ಯುಗಾದಿ ಊಟಗಳಲ್ಲಿ ಕಾರು ನಿಲ್ಲಿಸುವ ಜಾಗದ ಕಡೆ ನಾಲ್ಕು ಜನ ಜಾರಿಕೊಳ್ಳುವುದು ಎಲ್ಲರಿಗೂ ಗೊತ್ತಿರುವುದೇ. "ಒಂದು ಎಳೆದರೆ ಏನಾಗುತ್ತದೆ, ಬಾರಯ್ಯ" ಎಂದು ಕರೆಯುತ್ತಾರೆ. ಬಿಟ್ಟಿದ್ದೇನೆ ಎಂದು ಭಾಷಣ ಶುರುಮಾಡಿದರೆ ವಾದವಾಗುತ್ತದೆ. "ನನ್ನದು ಇದೆ" ಎಂದು ವೇಪ್ ತೋರಿಸಿ ಸುಮ್ಮನಾಗಿ. ಮೊದಲ ತಿಂಗಳು ಮದ್ಯ ಕಡಿಮೆ ಮಾಡಿ. ಎರಡನೆಯ ಗ್ಲಾಸಿನ ಬಳಿಕ ಕೈ ತಾನಾಗಿಯೇ ಪಕ್ಕದವರ ಪ್ಯಾಕೆಟ್ಟಿಗೆ ಹೋಗುತ್ತದೆ.

ಒಂದು ಸೇದಿಬಿಟ್ಟರೆ? ಪ್ಯಾಕೆಟ್ ಕೊಳ್ಳಬೇಡಿ, ಅಷ್ಟೇ. ಯಾವ ಹೊತ್ತಿನಲ್ಲಿ, ಯಾರ ಜೊತೆ, ವೇಪ್‌ನಲ್ಲಿ ಚಾರ್ಜ್ ಇತ್ತೋ ಇಲ್ಲವೋ ನೋಡಿ. ನನಗೆ ಗೊತ್ತಿರುವ ಹೆಚ್ಚಿನ ಪ್ರಕರಣಗಳಲ್ಲಿ ಬ್ಯಾಟರಿ ಸತ್ತಿತ್ತು ಅಥವಾ ಲಿಕ್ವಿಡ್ ಮುಗಿದಿತ್ತು. ಕಾರಿನಲ್ಲಿ ಒಂದು ತಂತಿ, ಚೀಲದಲ್ಲಿ ಒಂದು ಬಾಟಲಿ, ಒಂದು ಬದಲಿ ಪಾಡ್ ಸದಾ ಇರಲಿ. 20 ಸಿಗರೇಟಿನ ಒಂದು ಪ್ಯಾಕೆಟ್ಟಿಗೆ 15 ಪೌಂಡಿಗಿಂತ ಹೆಚ್ಚು ತೆರುವ ಈ ದೇಶದಲ್ಲಿ ಇದಕ್ಕೆ ಜಿಪುಣತನ ಬೇಡ.

ಊರಿಗೆ ಹೋಗುವಾಗ

ಇಲ್ಲಿನ ಸಲಹೆಗಾರರಿಗೆ ಹೊಳೆಯದ ಸಮಸ್ಯೆ ಇದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ನಿಮ್ಮ ಚೀಲದಲ್ಲಿ ವೇಪ್ ಇರಕೂಡದು. ಇ-ಸಿಗರೇಟಿನ ಆಮದಿಗೆ 2019ರ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರೀ ಇಟ್ಟುಕೊಂಡದ್ದಕ್ಕೆ, ದಾಸ್ತಾನು ಎಂದು ಬೇರೆ ಶಿಕ್ಷೆಯೂ ಉಂಟು. ಸಾಧನವನ್ನು ಇಲ್ಲೇ ಮನೆಯಲ್ಲಿ ಬಿಟ್ಟು ಹೋಗಿ.

ಬಿಟ್ಟು ಹೋದರೆ ಆಗುವುದೇನು? ಮದುವೆಮನೆಯ ಅಡುಗೆ ಕೋಣೆಯ ಹಿಂದೆ ಬಾವಮೈದುನ ಒಂದು ಸಿಗರೇಟು ಚಾಚುತ್ತಾನೆ, ಅಂಗಡಿಯಲ್ಲಿ ಬಿಡಿ ಸಿಗರೇಟು ಚಿಲ್ಲರೆ ಕಾಸಿಗೆ ಸಿಗುತ್ತದೆ, ರಜೆ ಮುಗಿಯುವಷ್ಟರಲ್ಲಿ ಹಳೆಯ ಲೆಕ್ಕ ಪೂರ್ತಿ ಚಾಲ್ತಿಗೆ ಬಂದಿರುತ್ತದೆ. ಹಾಗಾಗಿ ಹೊರಡುವ ಎರಡು ಮೂರು ವಾರ ಮೊದಲೇ ಪ್ಯಾಚ್ ಶುರುಮಾಡಿ, ವೇಪ್ ಎಳೆತವನ್ನು ಕಡಿಮೆ ಮಾಡುತ್ತ ಬನ್ನಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ 24 ಗಂಟೆಯ 21 ಮಿಲಿಗ್ರಾಂ ಪ್ಯಾಚ್ ವಾಡಿಕೆ. ಈಗ ನಿಮ್ಮ ಬಳಕೆ ಎಷ್ಟಿದೆ ಎಂದು ಔಷಧ ಅಂಗಡಿಯವರ ಬಳಿ ಮಾತನಾಡಿ. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವ ಮುನ್ನ ಕಿತ್ತುಬಿಡಿ. ರಜೆಗೆ ಸಾಕಾಗುವಷ್ಟು ಪ್ಯಾಚ್‌ಗಳನ್ನು ಮೂಲ ಪೆಟ್ಟಿಗೆಯಲ್ಲೇ ಒಯ್ಯಿರಿ. ಪ್ರತಿದಿನ ಚರ್ಮದ ಬೇರೆ ಬೇರೆ ಜಾಗ, ಒಣಗಿದ, ಕೂದಲಿಲ್ಲದ ಜಾಗ. ಬೆಂಗಳೂರಿಗಿಂತ ಮಂಗಳೂರಿನ ಸೆಕೆಯಲ್ಲಿ ಇದು ಬೇಗ ಕಿತ್ತು ಬರುತ್ತದೆ, ಅಂಚಿಗೆ ಔಷಧದ ಟೇಪ್ ಹಚ್ಚಿ.

ಇದರ ಜೊತೆ ಗಮ್. 2 ಮಿಲಿಗ್ರಾಂ ನಿಕೋಟಿನ್ ಗಮ್ ನಮ್ಮೂರುಗಳ ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಅದನ್ನು ಬಾಲ್ಯದ ಚ್ಯೂಯಿಂಗ್ ಗಮ್ ಎಂದು ಜಗಿದರೆ ಬಿಕ್ಕಳಿಕೆ, ಎದೆಯುರಿ ಖಂಡಿತ. ಖಾರದ ರುಚಿ ಬರುವವರೆಗೆ ನಿಧಾನವಾಗಿ ಜಗಿದು, ಬಂದೊಡನೆ ಕೆನ್ನೆಗೂ ವಸಡಿಗೂ ನಡುವೆ ಇಟ್ಟುಬಿಡಬೇಕು. ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು, ಮತ್ತೆ ಇಡಬೇಕು, ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಹೋಗುವುದು ಬಾಯಿಯ ಒಳಚರ್ಮದಿಂದ, ಹೊಟ್ಟೆಯಿಂದಲ್ಲ. ಗಮ್‌ಗೆ ಮುಂಚಿನ 15 ನಿಮಿಷ ಕಾಫಿ, ಹಣ್ಣಿನ ರಸ, ಮಜ್ಜಿಗೆ ಯಾವುದೂ ಬೇಡ, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ.

ಅಲ್ಲಿಗೆ ಹೋದಾಗ ತೀರಾ ಕಷ್ಟವಾದರೆ ಸಿಗರೇಟಿನ ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗಿರುವ 1800-11-2356 ಸಂಖ್ಯೆ ಇದೆ, ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತನಾಡಬಹುದು. ಊರಿನಲ್ಲಿರುವ ನಿಮ್ಮ ಅಣ್ಣ, ಚಿಕ್ಕಪ್ಪ ಯಾರಾದರೂ ಬಿಡಬೇಕೆಂದಿದ್ದರೆ ಅವರಿಗೂ ಇದನ್ನೇ ಕೊಡಿ; ವೇಪ್ ತರಿಸಿಕೊಡಿ ಎಂದು ಕೇಳಿದರೆ ಒಪ್ಪಬೇಡಿ.

ವೇಪ್ ಇಳಿಸುವುದು

ಇದಕ್ಕೆ ಅವಸರ ಮಾಡುವವರೇ ಸಿಗರೇಟಿಗೆ ಮರಳುತ್ತಾರೆ. ಸಿಗರೇಟಿನ ನೆನಪು ದಿನದಲ್ಲಿ ಒಮ್ಮೆಯೂ ಕಾಡದೆ ಕೆಲವು ತಿಂಗಳು ಕಳೆಯಲಿ. ಆಮೇಲೆ 20ರಿಂದ ಸುಮಾರು 10ಕ್ಕೆ, ಅಲ್ಲಿ ದೇಹ ಒಗ್ಗಿದ ಮೇಲೆ 5-6ಕ್ಕೆ ಬನ್ನಿ. ಗಡಸು ಇಳಿಸಿದ ವಾರ ಗೊತ್ತಿಲ್ಲದೆ ಹೆಚ್ಚು ದಮ್ಮು ಎಳೆಯುತ್ತೀರಿ, ಬಾಟಲಿ ಬೇಗ ಮುಗಿಯುತ್ತದೆ. ಎರಡು ವಾರ ಕಳೆದರೂ ಖರ್ಚು ಹಾಗೆಯೇ ಇದ್ದರೆ ಹಿಂದಿನ ಗಡಸಿಗೆ ಮರಳಿ, ಇನ್ನೊಂದು ತಿಂಗಳು ಬಿಟ್ಟು ಮತ್ತೆ ನೋಡಿ. ಗಡಸು ಇಳಿಸುವ ಬದಲು ಹೊತ್ತನ್ನು ಕಡಿಮೆ ಮಾಡುವುದು ಕೆಲವರಿಗೆ ಸುಲಭ: ಮೊದಲು ಮಲಗುವ ಕೋಣೆಯಲ್ಲಿ ಬೇಡ, ಆಮೇಲೆ ಕಾರಿನಲ್ಲಿ ಬೇಡ, ಆಮೇಲೆ ಮನೆಯೊಳಗೇ ಬೇಡ. ಹೊರಗೆ ಜಡಿಮಳೆ, ಚಳಿ. ಇಂಗ್ಲೆಂಡಿನ ಜನವರಿ ನಿಮ್ಮ ಪರವಾಗಿ ಅರ್ಧ ಕೆಲಸ ಮಾಡಿಕೊಡುತ್ತದೆ. ಮುಗಿದ ಪಾಡ್‌ಗಳನ್ನೂ ಹಳೆಯ ಸಾಧನವನ್ನೂ ಮನೆಯ ಕಸದ ಡಬ್ಬಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ನುಜ್ಜಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ; ವೇಪ್ ಮಾರುವ ಅಂಗಡಿಗಳು ಅವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಕೌಂಟರಿನ ಪಕ್ಕದಲ್ಲಿ ಅದಕ್ಕೊಂದು ಪೆಟ್ಟಿಗೆ ಇಟ್ಟಿರುತ್ತಾರೆ.